ಸಣ್ಣಯ್ಯನ ಚೀಲ

ಮಾರ್ಚ್ ೩

ಅತ್ತಿಗೆ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಎತ್ತಿದ ಕೂಡಲೇ ನೀವು ಆ ಕಡೆ ಅಳುತ್ತೀರಿ, ನಾನು ಈ ಕಡೆ ಅಳುತ್ತೇನೆ, ಕೊನೆಗೆ ‘ಊಟ ಆಯ್ತಾ’ ಎಂದು ಕೇಳಿ ಇಟ್ಟುಬಿಡುತ್ತೇವೆ. ಅಣ್ಣನಿಗೆ ಪಾರ್ಶ್ವವಾಯು ಬಡಿದ ದಿನದಿಂದ ಎರಡು ತಿಂಗಳು ಇದೇ ಕಥೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಲಕೋಟೆಯಲ್ಲಿ ಗುಂಡಿಗಳ ಪುಟ್ಟ ಡಬ್ಬಿ ಇದೆ, ಅದರೊಳಗೆ ಒಂದು ಪೆನ್‌ಡ್ರೈವ್. ಅದರಲ್ಲಿರುವುದು ಅಣ್ಣನಿಗಾಗಿ ನಾನೇ ಮಾಡಿದ ವಿಡಿಯೋ ಗೇಮ್. ನಗಬೇಡಿ. ಲೈಬ್ರರಿಯಲ್ಲಿ ಸಂಜೆ ಹೊತ್ತು ಪೈಥಾನ್ ಕಲಿಸುತ್ತಾರೆ, ಕಂಪ್ಯೂಟರ್‌ಗೆ ಕೆಲಸ ಹೇಳುವ ಭಾಷೆ ಅದು ಎಂದಾಗ ನೀವು ‘ಹೊಲಿಗೆ ಮೆಷೀನು ನಿನ್ನ ಮಾತು ಕೇಳೋದು ಸಾಲದಾ’ ಎಂದಿದ್ದಿರಿ. ಈಗ ಆ ಕಂಪ್ಯೂಟರೂ ಅಷ್ಟಿಷ್ಟು ಕೇಳುತ್ತಿದೆ.

ಪುನರ್ವಸತಿ ಕೇಂದ್ರದಲ್ಲಿ ಮಾತು ಕಲಿಸುವ ಮೇಡಂ, ಅಣ್ಣನ ಕೆಲಸದ ಸಾಮಾನುಗಳಿಂದಲೇ ಶುರು ಮಾಡಿ ಎಂದರಂತಲ್ಲ. ಹಾಗಾಗಿ ಅಣ್ಣನ ವರ್ಕ್‌ಶಾಪ್ ಸ್ಟೋರನ್ನೇ ಆಟವಾಗಿ ಮಾಡಿದ್ದೇನೆ. ಹಿಂದೆ ಕಪಾಟು, ಮುಂದೆ ಕಿಟಕಿ. ಕಿಟಕಿಗೆ ದಪ್ಪಯ್ಯ ಎಂಬ ಫಿಟ್ಟರ್ ಬಂದು ‘ಸುತ್ತಿಗೆ ಕೊಡಿ, ಕಬ್ಬಿಣ ಉಜ್ಜೋ ಅರ ಕೊಡಿ’ ಎಂದು ಕೇಳುತ್ತಾನೆ. ದನಿ ನನ್ನದೇ, ಗಂಡಸಿನ ಹಾಗೆ ಮಾಡಲು ಹೋಗಿ ನೆಗಡಿ ಬಂದವರ ಹಾಗಾಗಿದೆ. ಅಣ್ಣ ಸರಿಯಾದ ಸಾಮಾನನ್ನು ಮೌಸಿನಿಂದ ಎಳೆದು ದಪ್ಪಯ್ಯನ ಚೀಲಕ್ಕೆ ಹಾಕಬೇಕು, ಬಾಯಿ ಬಿಟ್ಟು ಅದರ ಹೆಸರೂ ಹೇಳಬೇಕು. ಕೊನೆಗೆ ಆಟ ಚೀಲ ಬಿಚ್ಚಿ ತೋರಿಸಿ ‘ನೀವು ಕೊಟ್ಟದ್ದು ಇಷ್ಟೇ ತಾನೆ?’ ಎಂದು ಕೇಳುತ್ತದೆ. ಹೌದಾದರೆ ಹಸಿರು ಗುಂಡಿ, ಅಲ್ಲವಾದರೆ ಕೆಂಪು. ಒಮ್ಮೊಮ್ಮೆ ಆಟ ಬೇಕೆಂದೇ ಕೊಡದ ಸಾಮಾನೊಂದನ್ನು ಸೇರಿಸಿ ತೋರಿಸುತ್ತದೆ, ಆಗ ಕೆಂಪು ಒತ್ತಿದರೆ ಸರಿ. ಒಟ್ಟು ಇಪ್ಪತ್ತು ಅಂಕ.

ಕೇಳಲು ಸುಲಭ, ಮಾಡುವಾಗ ಜೀವ ಬಾಯಿಗೆ ಬಂತು. ಮೊದಲ ವಾರ ದಪ್ಪಯ್ಯ ಒಂದೇ ಸುತ್ತಿಗೆಯನ್ನು ಒಂಬತ್ತು ಸಲ ತೆಗೆದುಕೊಂಡು ಹೋದ! ಚೀಲಕ್ಕೆ ಸೇರಿಸು ಎಂದಿದ್ದೆ, ಕಪಾಟಿನಿಂದ ತೆಗೆ ಎನ್ನಲು ಮರೆತಿದ್ದೆ. ಅಣ್ಣ ನೋಡಿದ್ದರೆ ನನ್ನನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದ. ಅವನ ಸ್ಟೋರಿನಲ್ಲಿ ಒಬ್ಬೊಬ್ಬ ಫಿಟ್ಟರಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ, ಬಿಲ್ಲೆಯನ್ನು ಅವನವನ ಮೊಳೆಗೆ ಹಾಕಿದರೆ ಮಾತ್ರ ಸಾಮಾನು ಕೈಗೆ. ಇಪ್ಪತ್ತಾರು ವರ್ಷದಲ್ಲಿ ಒಬ್ಬನ ಬಿಲ್ಲೆ ಇನ್ನೊಬ್ಬನ ಮೊಳೆಗೆ ಹೋದದ್ದಿಲ್ಲ.

ಆಡಿಸಿ ನೋಡಿ, ಬರೆಯಿರಿ.

ನಿಮ್ಮ ನಾದಿನಿ

---

ಮಾರ್ಚ್ ೧೨

ಪ್ರೀತಿಯ ಪಿನ್ನಿ,

ನಿನ್ನ ಅಣ್ಣ ಇಟ್ಟ ಹೆಸರಿನಿಂದಲೇ ಕರೆಯುತ್ತೇನೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವಳಿಗೆ ಬೇರೆ ಹೆಸರು ಹೊಂದುವುದಿಲ್ಲ.

ಆಟ ನಡೆಯುತ್ತಿದೆ. ಇಲ್ಲಿನ ಕಂಪ್ಯೂಟರ್ ಇವರಿಗಿಂತ ಹೆಚ್ಚು ಕಾಯಿಲೆಯದ್ದು, ಎದ್ದು ಕೂರಲು ಹತ್ತು ನಿಮಿಷ ಬೇಕು. ಆದರೆ ಕಪಾಟು ಕಂಡ ಕೂಡಲೇ ಇವರು ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಬಲಗೈ ಇನ್ನೂ ಮರದ ತುಂಡು, ಎಡಗೈಯಲ್ಲೇ ಮೌಸು ಹಿಡಿದರು. ‘ಸು... ಸುತ್ತಿ... ಸುತ್ತಿಗೆ’ ಅಂದರು ಕಣೇ. ನನ್ನ ಹೆಸರು ಇನ್ನೂ ಬಂದಿಲ್ಲ, ಸುತ್ತಿಗೆ ಬಂತು! ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದಕ್ಕೆ ಸುತ್ತಿಗೆಯ ನಂತರದ ಜಾಗ. ಇರಲಿ, ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮೊದಲ ದಿನ ಹದಿನಾಲ್ಕು, ನಿನ್ನೆ ಹದಿನೇಳು.

ಈಗ ವಿಷಯ ಹೇಳುತ್ತೇನೆ, ಸರಿಯಾಗಿ ಓದು. ಏಪ್ರಿಲ್ ಇಪ್ಪತ್ತಕ್ಕೆ ಡಾಕ್ಟರುಗಳೆಲ್ಲ ಕೂತು ಇವರ ಬಗ್ಗೆ ತೀರ್ಮಾನ ಮಾಡುತ್ತಾರೆ. ಹೋಗಿರುವುದು ಮಾತು ಮಾತ್ರ, ನೆನಪೂ ಬುದ್ಧಿಯೂ ಗಟ್ಟಿ ಎಂದಾದರೆ ಮನೆಗೆ ಕಳಿಸುತ್ತಾರೆ. ನೆನಪೂ ಹೋಗಿದೆ ಎಂದಾದರೆ ಒಬ್ಬರನ್ನೇ ಮನೆಯಲ್ಲಿ ಬಿಡುವಂತಿಲ್ಲ. ನಾನು ಅಂಚೆ ಕಚೇರಿಯ ಕೌಂಟರಿಗೆ ಹೋಗದೆ ಇರುವ ಹಾಗಿಲ್ಲ. ಆಗ ಈ ಕೇಂದ್ರದಲ್ಲೇ, ಕಾಯಂ ಆಗಿ ಉಳಿಯುವವರ ಹಿಂದಿನ ಕಟ್ಟಡ. ಆ ಕಟ್ಟಡಕ್ಕೆ ಹೋದವರು ವಾಪಸ್ ಬಂದದ್ದನ್ನು ನಾನಂತೂ ನೋಡಿಲ್ಲ.

ನಿನ್ನ ಆಟವೇ ಒಳ್ಳೆಯ ಪರೀಕ್ಷೆ ಎನ್ನುತ್ತಾರೆ ಮೇಡಂ. ಆದರೆ ಗಿರಾಕಿ ಒಬ್ಬನೇ ಸಾಲದಂತೆ. ಇಬ್ಬರು ಬರಲಿ, ಯಾರಿಗೆ ಏನು ಕೊಟ್ಟೆ ಎಂದು ಬೇರೆ ಬೇರೆ ನೆನಪಿಡಲಿ, ಆಗ ಗೊತ್ತಾಗುತ್ತದೆ ಅಂದರು. ಮಾಡಿ ಕಳಿಸುತ್ತೀಯಾ?

ಮತ್ತೆ, ನೀನು ಯಾವಾಗ ಬರುತ್ತೀಯ? ಬಸ್ಸಿನಲ್ಲಿ ಆರು ಗಂಟೆ ದಾರಿ, ಎರಡು ತಿಂಗಳಾಯಿತು. ಕೇಳಬಾರದು ಎಂದುಕೊಂಡಿದ್ದೆ, ಕೇಳಿಬಿಟ್ಟೆ.

ಅತ್ತಿಗೆ

---

ಮಾರ್ಚ್ ೨೦

ಅತ್ತಿಗೆ,

ತಗೊಳ್ಳಿ, ಸಣ್ಣಯ್ಯ ಬಂದ. ಕಡ್ಡಿಯಂಥ ಕಾಲು, ಉದ್ದ ಮೂಗು. ದಪ್ಪಯ್ಯನ ಪಕ್ಕ ನಿಂತರೆ ಸೂಜಿ ಮತ್ತು ದಾರದುಂಡೆ.

ಎರಡನೇ ಗಿರಾಕಿ ಎಂದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕೇನೋ ಎಂದು ಹೆದರಿದ್ದೆ. ಆಮೇಲೆ ಹೊಳೆಯಿತು, ನಾನು ದರ್ಜಿ ತಾನೆ! ಒಂದು ಜೇಬು ಸರಿಯಾಗಿ ಬಂದರೆ ಅದನ್ನೇ ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣ ಎಳೆದು ಇನ್ನೊಂದನ್ನು ಕತ್ತರಿಸುತ್ತೇನೆ. ಇಲ್ಲಿಯೂ ಹಾಗೇ ಮಾಡಿದೆ. ಪೈಥಾನಿನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಅದಕ್ಕೆ ಬೇಜಾರಿಲ್ಲ. ಹಾಗಾಗಿ ಒಂದೇ ಸಾಲು ಬರೆದೆ:

ಸಣ್ಣಯ್ಯನ_ಚೀಲ = ದಪ್ಪಯ್ಯನ_ಚೀಲ

ಅಷ್ಟೇ. ಅಳತೆಯ ಚೀಲದಿಂದ ಎರಡನೇ ಚೀಲ ಸಿದ್ಧ. ಕಲಿಸುವವರಿಗೂ ತೋರಿಸಲಿಲ್ಲ, ಇಷ್ಟು ಸಣ್ಣದಕ್ಕೆ ಅವರನ್ನು ಯಾಕೆ ಕಾಡುವುದು. ಸಣ್ಣಯ್ಯನೊಬ್ಬನನ್ನೇ ಕರೆದು ಆಡಿ ನೋಡಿದೆ. ಕೊಟ್ಟದ್ದು ಕೊಟ್ಟ ಹಾಗೆ ಚೀಲಕ್ಕೆ ಹೋಯಿತು.

ಬರುವ ವಿಷಯ. ಶಾಲೆಯ ಸಮವಸ್ತ್ರದ ಆರ್ಡರು ತಲೆಯ ಮೇಲೆ ಕೂತಿದೆ, ನೂರ ಎಂಬತ್ತು ಅಂಗಿ, ಎಲ್ಲಕ್ಕೂ ಎರಡೆರಡು ಜೇಬು. ಮುಗಿದ ಕೂಡಲೇ ನೋಡೋಣ. ಅಣ್ಣನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ನಾದಿನಿ

---

ಏಪ್ರಿಲ್ ೨

ಪಿನ್ನಿ,

ಆಟ ಇನ್ನು ಸಾಕು ಎಂದು ಕಾಣುತ್ತದೆ.

ಇಬ್ಬರು ಗಿರಾಕಿಗಳು ಬಂದ ಮೇಲೆ ಆರು ಅಂಕ. ಮಾರನೇ ದಿನ ಐದು. ಮತ್ತೆ ಆರು. ಮೇಡಂ ಮುಖ ಸಪ್ಪೆ ಮಾಡಿಕೊಂಡು, ಸಾಮಾನಿನ ಹೆಸರುಗಳು ಬರುತ್ತಿವೆ, ಆದರೆ ಯಾರಿಗೆ ಏನು ಕೊಟ್ಟೆ ಎಂಬುದು ನಿಲ್ಲುತ್ತಿಲ್ಲ ಅಂದರು. ಇವರಂತೂ ಚೀಲ ಬಿಚ್ಚಿದಾಗಲೆಲ್ಲ ‘ಅಲ್ಲ, ಅಲ್ಲ’ ಎಂದು ಕೆಂಪನ್ನೇ ಒತ್ತುತ್ತಾರೆ. ತಪ್ಪು ಎಂದು ಆಟ ಹೇಳಿದರೆ ಇನ್ನೂ ಜೋರಾಗಿ ಒತ್ತುತ್ತಾರೆ. ಮೊನ್ನೆ ಮೌಸನ್ನು ಗೋಡೆಗೆ ಎಸೆದರು. ಈ ಮನುಷ್ಯ ಜನ್ಮದಲ್ಲಿ ಒಂದು ಸ್ಕ್ರೂ ಎಸೆದವರಲ್ಲ.

ನಿನ್ನೆ ಊಟವಾದ ಮೇಲೆ ಎರಡು ಲೋಟ ತಂದು ನನ್ನ ಮುಂದೆ ಇಟ್ಟರು. ಅಂಗಿಯ ಗುಂಡಿ ಕಿತ್ತು ಒಂದು ಲೋಟಕ್ಕೆ ಹಾಕಿದರು. ಆಮೇಲೆ ಇನ್ನೊಂದು ಲೋಟ ಎತ್ತಿ, ಬೋರಲು ಮಾಡಿ, ಖಾಲಿ ಎಂದು ನನಗೆ ತೋರಿಸಿದರು. ನನ್ನ ಮುಖವನ್ನೇ ನೋಡುತ್ತಾ ಕೂತರು. ಮತ್ತೆ ಹಾಕುವುದು, ಮತ್ತೆ ಖಾಲಿ ಲೋಟ ತೋರಿಸುವುದು. ಹತ್ತು ಸಲ ಮಾಡಿದರು. ಮಗುವಿನ ಆಟ ಆಡುತ್ತಿದ್ದಾರಲ್ಲ ಎಂದು ನಾನು ಸೆರಗು ಬಾಯಿಗೆ ತುರುಕಿಕೊಂಡು ಆಚೆ ಬಂದೆ.

ಹಿಂದಿನ ಕಟ್ಟಡದ ಕೋಣೆಗಳು ಅಂದುಕೊಂಡಷ್ಟು ಕೆಟ್ಟದಾಗೇನೂ ಇಲ್ಲ. ಗಾಳಿ ಬೆಳಕು ಚೆನ್ನಾಗಿದೆ.

ನಿನ್ನ ಜೇಬುಗಳು ಮುಗಿದವೋ ಏನೋ. ನಾನು ಕೇಳುವುದಿಲ್ಲ.

ಅತ್ತಿಗೆ

---

ಏಪ್ರಿಲ್ ೫

ಅತ್ತಿಗೆ,

ಆರು ಸಲ ಫೋನ್ ಮಾಡಿದೆ, ಸ್ವಿಚ್ ಆಫ್ ಬರುತ್ತಿದೆ. ಕೇಂದ್ರದ ನಂಬರಿಗೆ ಮಾಡಿದರೆ ‘ಆಫೀಸು ಸೋಮವಾರ’ ಅಂದರು. ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ನಿಂತಲ್ಲೇ ಓದಿ.

ಅಣ್ಣ ಸರಿಯಾಗಿದ್ದಾನೆ. ತಪ್ಪಿರುವುದು ನಾನು.

ನಿಮ್ಮ ಕಾಗದದಲ್ಲಿ ಲೋಟದ ವಿಷಯ ಓದುತ್ತಿದ್ದ ಹಾಗೆ ಕತ್ತರಿ ಪಕ್ಕಕ್ಕಿಟ್ಟೆ. ಓಡಿಹೋಗಿ ಆಟ ತೆರೆದೆ. ಇಬ್ಬರು ಗಿರಾಕಿಗಳನ್ನೂ ಒಟ್ಟಿಗೆ ಕರೆದು ಆಡಿದ್ದು ಅದೇ ಮೊದಲು. ದಪ್ಪಯ್ಯನಿಗೆ ಸುತ್ತಿಗೆ ಕೊಟ್ಟೆ. ಸಣ್ಣಯ್ಯನಿಗೆ ಏನೂ ಕೊಡದೆ ಅವನ ಚೀಲ ಬಿಚ್ಚಿದೆ. ಒಳಗೆ ಸುತ್ತಿಗೆ ಇತ್ತು.

ನಾನು ಬರೆದ ಆ ಒಂದು ಸಾಲು ಎರಡನೇ ಚೀಲ ಮಾಡಲೇ ಇಲ್ಲ. ಬಟ್ಟೆಯಲ್ಲಿ ಅಳತೆಗಿಟ್ಟರೆ ಇನ್ನೊಂದು ಜೇಬು ಹುಟ್ಟುತ್ತದೆ, ಪೈಥಾನಿನಲ್ಲಿ ಹಾಗಲ್ಲ. ಇದ್ದ ಒಂದೇ ಚೀಲಕ್ಕೆ ಅದು ಎರಡು ಹೆಸರು ಕಟ್ಟಿ ಸುಮ್ಮನಾಯಿತು. ಯಾರಿಗೆ ಏನು ಕೊಟ್ಟರೂ ಬೀಳುವುದು ಒಂದೇ ಕಡೆ. ಇಬ್ಬರ ಬಿಲ್ಲೆಯೂ ಒಂದೇ ಮೊಳೆಗೆ, ಅದೂ ಅಣ್ಣನ ಕಣ್ಣೆದುರಿಗೆ! ಅವನು ಕೆಂಪು ಒತ್ತಿದ್ದು ಪ್ರತಿ ಸಲವೂ ಸರಿ. ನಾನು ಕೊಟ್ಟದ್ದಲ್ಲ ಇದು, ಈ ಚೀಲದಲ್ಲಿ ಇದು ಇರಬಾರದು ಎಂದು ಅವನು ಹೇಳುತ್ತಲೇ ಇದ್ದ. ಮಾತಲ್ಲಿ ಆಗದಾಗ ಲೋಟ ಇಟ್ಟು ತೋರಿಸಿದ. ಒಂದಕ್ಕೆ ಹಾಕಿದ್ದು ಇನ್ನೊಂದರಲ್ಲಿ ಹೇಗೆ ಬಂತು ಎಂದು ಕೇಳಿದ. ಒಂದು ವಾರ ಲೈಬ್ರರಿಯಲ್ಲಿ ಕೂತಿದ್ದರೂ ನಾನು ಇದನ್ನು ಇಷ್ಟು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ.

ಸರಿ ಮಾಡಿದ ಆಟ ಈ ಡಬ್ಬಿಯಲ್ಲಿದೆ. ಬದಲಾಗಿದ್ದು ಆ ಸಾಲು ಮಾತ್ರ. ಈಗ ‘ಸಣ್ಣಯ್ಯನ_ಚೀಲ = []’ ಎಂದಿದೆ, ಹೊಸ ಖಾಲಿ ಚೀಲ ಎಂದು ಅರ್ಥ. ಈ ಸಲ ಕಲಿಸುವವರಿಗೆ ತೋರಿಸಿದ್ದೇನೆ, ಇಬ್ಬರೂ ಕೂತು ನಲವತ್ತು ಸಲ ಆಡಿದ್ದೇವೆ. ಮೇಡಂಗೆ ಈ ಕಾಗದವನ್ನೇ ಕೊಡಿ. ಇಪ್ಪತ್ತನೇ ತಾರೀಖಿನ ಒಳಗೆ ಕೊಡಿ.

ಇನ್ನೊಂದು ಮಾತು. ಸಮವಸ್ತ್ರದ ಕೆಲಸ ಮಾರ್ಚ್ ಇಪ್ಪತ್ತೈದಕ್ಕೇ ಮುಗಿದಿತ್ತು. ಬಾರದೆ ಇದ್ದದ್ದು ಹೆದರಿಕೆಯಿಂದ. ಅಣ್ಣ ನನ್ನನ್ನು ನೋಡಿ ಇವಳು ಯಾರು ಎಂಬಂತೆ ನೋಡಿದರೆ ಏನು ಮಾಡಲಿ ಎಂದು ಹೆದರಿ ಇಲ್ಲಿ ಕೂತು ಆಟ ಮಾಡಿದೆ. ಆ ಆಟವೇ ಅವನನ್ನು ಹುಚ್ಚನನ್ನಾಗಿ ಮಾಡಿತು. ಬೈಯುವುದಿದ್ದರೆ ಬೈಯಿರಿ, ಸುಮ್ಮನಿರಬೇಡಿ.

ನಿಮ್ಮ ನಾದಿನಿ

---

ಏಪ್ರಿಲ್ ೧೨

ಅತ್ತಿಗೆ,

ಕೊರಿಯರ್ ತಲುಪಿದೆ, ನಿಮ್ಮ ಸಹಿ ಬಿದ್ದಿದೆ ಎಂದು ಅಂಗಡಿಯವನು ತೋರಿಸಿದ. ಹಾಗಿದ್ದರೆ ಉತ್ತರ ಯಾಕಿಲ್ಲ? ಸೋಮವಾರ ಕೇಂದ್ರಕ್ಕೆ ಫೋನ್ ಮಾಡಿದೆ. ಮೇಡಂ ರಜೆ. ಆಫೀಸಿನವರಿಗೆ ಎಲ್ಲವನ್ನೂ ವಿವರಿಸಿದೆ. ‘ಗೇಮ್ ಕೆಟ್ಟಿದೆ ಅಂತ ತಾನೆ, ಹೇಳ್ತೀವಿ ಬಿಡಿ’ ಅಂದರು. ನನ್ನ ಪ್ರಾಣ ಹೋಗುತ್ತಿದ್ದರೂ ಅವರು ಹಾಗೇ ಹೇಳುತ್ತಿದ್ದರು.

ಎರಡು ದಿನದಲ್ಲಿ ನಿಮ್ಮಿಂದ ಏನೂ ಬರದಿದ್ದರೆ ನಾನೇ ಹೊರಟು ಬರುತ್ತೇನೆ.

ನಾದಿನಿ

---

ಏಪ್ರಿಲ್ ೧೪

ಪಿನ್ನಿ,

ಎಲ್ಲ ತಲುಪಿದೆ. ಈಗ ಏನೂ ಬರೆಯಲಾರೆ. ಇಪ್ಪತ್ತನೇ ತಾರೀಖು ಕಳೆಯಲಿ. ಅಲ್ಲಿಯವರೆಗೆ ಬರಬೇಡ.

ಅತ್ತಿಗೆ

---

ಏಪ್ರಿಲ್ ೨೧

ಪ್ರೀತಿಯ ಪಿನ್ನಿ,

ಮನೆಗೆ! ಮೊದಲು ಅದನ್ನು ಓದಿಕೊಂಡು ಉಸಿರು ಬಿಡು. ಮನೆಗೆ ಕಳಿಸುತ್ತಿದ್ದಾರೆ. ಹೋದ ಜೀವ ಬಂದಂತಾಗಿದೆ. ನಿನ್ನೆ ಮಧ್ಯಾಹ್ನದಿಂದ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ, ನೆಲ ಒರೆಸುವವಳಿಗೆ ಎರಡು ಸಲ ಹೇಳಿದೆನಂತೆ.

ಹದಿನಾಲ್ಕರ ನನ್ನ ಕಾಗದ ನೋಡಿ ನೀನು ಏನು ತಿಳಿದುಕೊಂಡೆಯೋ. ಸಿಟ್ಟು ಬಂದಿದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆದರೆ ಬರಬೇಡ ಎಂದದ್ದು ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಕೇಳು. ಏಪ್ರಿಲ್ ಒಂದನೇ ತಾರೀಖು ನಾನು ಹಿಂದಿನ ಕಟ್ಟಡದ ಫಾರಂಗೆ ಸಹಿ ಹಾಕಿಬಿಟ್ಟಿದ್ದೆ. ಮೊದಲೇ ಕೊಟ್ಟರೆ ಕಿಟಕಿ ಇರುವ ಕೋಣೆ ಸಿಗುತ್ತದೆ ಎಂದರು. ಇವರನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಏನು ತಿಳಿದೀತು ಎಂದುಕೊಂಡೆ. ನಿನಗೆ ಹೇಳಬೇಕಾಗುತ್ತದೆ ಎಂದು ಫೋನ್ ಆಫ್ ಮಾಡಿಟ್ಟೆ. ಆಮೇಲೆ ನಿನ್ನ ಕೊರಿಯರ್ ಬಂತು.

ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಆಯಿತಲ್ಲ ನನ್ನ ಬಾಳು. ಹತ್ತೊಂಬತ್ತು ವರ್ಷ ಅಂಚೆ ಕಚೇರಿಯಲ್ಲಿ ಸೀಲು ಒತ್ತಿ ಒತ್ತಿ, ಅಚ್ಚಾಗಿ ಬಂದದ್ದೆಲ್ಲ ನಿಜ ಎಂದು ನಂಬುವ ಚಾಳಿ ಹಿಡಿದಿದೆ. ಯಂತ್ರ ಐದು ಅಂಕ ಎಂದಿತು, ನಂಬಿದೆ. ಇಪ್ಪತ್ತೆಂಟು ವರ್ಷ ಜೊತೆಗಿದ್ದ ಗಂಡ ಅಲ್ಲ ಅಲ್ಲ ಎಂದರು, ನಂಬಲಿಲ್ಲ.

ಫಾರಂ ವಾಪಸ್ ತೆಗೆದುಕೊಳ್ಳಲು ಒಂದು ವಾರ ಹಿಡಿಯಿತು. ಇವತ್ತು ಬಾ, ನಾಳೆ ಬಾ, ದೊಡ್ಡವರು ಊಟಕ್ಕೆ ಹೋಗಿದ್ದಾರೆ. ಕೌಂಟರಿನ ಈ ಕಡೆ ನಿಂತರೆ ಹೇಗಿರುತ್ತದೆ ಎಂದು ನನಗೂ ಗೊತ್ತಾಯಿತು. ಹದಿನಾರಕ್ಕೆ ಕೈಗೆ ಸಿಕ್ಕಿತು.

ಮೇಡಂ ಹದಿನೇಳಕ್ಕೆ ರಜೆ ಮುಗಿಸಿ ಬಂದರು. ನಿನ್ನ ಕಾಗದ ಎರಡು ಸಲ ಓದಿ, ಹೊಸ ಆಟ ಹಾಕಿ ಇವರನ್ನು ಕೂರಿಸಿದರು. ದಪ್ಪಯ್ಯನಿಗೆ ಸುತ್ತಿಗೆ, ಸಣ್ಣಯ್ಯನಿಗೆ ಅರ. ಸಣ್ಣಯ್ಯನ ಚೀಲ ಬಿಚ್ಚಿದಾಗ ಅರ ಒಂದೇ ಇತ್ತು. ಇವರು ತೆರೆಯ ಹತ್ತಿರ ಮುಖ ತಂದು ನೋಡಿದರು, ಹಿಂದೆ ತಿರುಗಿ ನಮ್ಮಿಬ್ಬರನ್ನೂ ನೋಡಿದರು, ‘ಹಾಂ’ ಅಂದರು. ರಿಪೇರಿ ತಡವಾದರೂ ಆಯಿತಲ್ಲ ಎಂಬಂತೆ ಹಸಿರು ಒತ್ತಿದರು. ಹತ್ತೊಂಬತ್ತು ಬಂತು. ಹೋದ ಒಂದು ಅಂಕದ ಕಥೆ ಕೇಳು. ಸಣ್ಣಯ್ಯ ಎರಡನೇ ಸಲ ಅರ ಕೇಳಿದಾಗ, ಕಪಾಟಿನಲ್ಲಿ ಇನ್ನೊಂದು ಅರ ಇದ್ದರೂ ಇವರು ಕೊಡಲೇ ಇಲ್ಲ. ಮೊದಲು ತೆಗೆದುಕೊಂಡ ಅರ ವಾಪಸ್ ಬಂದಿರಲಿಲ್ಲವಲ್ಲ! ಮೇಡಂ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು, ಆ ಅಂಕವನ್ನೂ ಬರೆದುಕೊಂಡರು.

ಡಾಕ್ಟರುಗಳ ಮುಂದೆ ಅವರೇ ಮಾತಾಡಿದರು. ಹಳೆಯ ಆಟದಲ್ಲಿ ಇವರು ಕೊಟ್ಟ ಉತ್ತರಗಳನ್ನು ಒಂದೊಂದಾಗಿ ತಿರುಗಿ ನೋಡಿದ್ದೇನೆ, ಸರಿ ಹೇಳಿದ್ದಕ್ಕೆ ನಾವು ತಪ್ಪು ಹಾಕುತ್ತಾ ಬಂದಿದ್ದೇವೆ, ಯಂತ್ರದ ದೋಷ ಹಿಡಿದವರು ರೋಗಿಯೇ ಎಂದರು. ದೊಡ್ಡ ಡಾಕ್ಟರು ಇವರ ಕೈ ಕುಲುಕಿದರು. ಎಡಗೈ.

ಫಾರಂ ವಿಷಯ ಇವರಿಗೆ ಹೇಳಬೇಕೋ ಬೇಡವೋ ಎಂದು ನಿನ್ನೆ ಸಂಜೆಯವರೆಗೂ ಒದ್ದಾಡಿದೆ. ಹೇಳದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ಕೊನೆಗೆ ಕಾಗದ ತೆಗೆದು ಇವರ ತೊಡೆಯ ಮೇಲಿಟ್ಟೆ.

‘ರೀ, ತಪ್ಪಾಯ್ತು. ನಿಮ್ಮನ್ನ ಇಲ್ಲೇ ಬಿಡೋಕೆ ನಾನು ಸಹಿ ಹಾಕಿದ್ದೆ.’

ಬಹಳ ಹೊತ್ತು ಓದಿದರು. ನನ್ನ ಸಹಿಯ ಮೇಲೆ ಬೆರಳಿಟ್ಟು ಕೂತರು. ಮಾತು ಹುಡುಕುತ್ತಿದ್ದರು, ಮಧ್ಯೆ ನಾವು ಮಾತು ಕೊಡಬಾರದು ಎಂದಿದ್ದಾರೆ ಮೇಡಂ, ಹಲ್ಲು ಕಚ್ಚಿ ಸುಮ್ಮನಿದ್ದೆ.

‘ನಾ... ಹೇಳ್ದೆ’ ಅಂದರು. ಮತ್ತೆ ಎಷ್ಟೋ ಹೊತ್ತಿನ ಮೇಲೆ, ‘ನಂಗೂ... ಹೇಳು.’

ಕಾಯಿಲೆ ಬಿದ್ದ ಮೇಲೆ ಇವರು ಆಡಿದ ಮೊದಲ ಪೂರ್ತಿ ಮಾತು ಅದು ಕಣೇ. ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಡಾಕ್ಟರು ಏನಂದರು, ನಾನೆಷ್ಟು ಹೆದರಿದ್ದೆ, ನೀನು ಯಾಕೆ ಬರಲಿಲ್ಲ, ಎಲ್ಲವನ್ನೂ. ನಾಲ್ಕು ತಿಂಗಳಲ್ಲಿ ಇವರ ತಲೆಯ ಮೇಲಿಂದ ಎಷ್ಟೆಲ್ಲ ಮಾತಾಡಿದ್ದೇವೆ, ಇವರ ಜೊತೆ ಆಡಿದ್ದು ಎಷ್ಟು ಕಡಿಮೆ.

ಶುಕ್ರವಾರ ಮನೆ ಸೇರುತ್ತೇವೆ.

ಅತ್ತಿಗೆ

---

ಏಪ್ರಿಲ್ ೨೪

ಅಣ್ಣಾ,

ಎರಡು ತಿಂಗಳು ನಿನ್ನ ಬಗ್ಗೆ ಬರೆದೆ, ನಿನಗೆ ಒಂದು ಸಾಲೂ ಬರೆಯಲಿಲ್ಲ. ನೀನು ಓದಬಲ್ಲೆ ಎಂದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅತ್ತಿಗೆಯ ಕಾಗದ ಓದಿ ನಿನ್ನೆ ಮೆಷೀನಿನ ಮೇಲೆ ತಲೆಯಿಟ್ಟು ಅತ್ತೆ. ಸಮಾಧಾನದ ಅಳು, ಅಂಗಡಿಗೆ ಬಂದ ಗಿರಾಕಿ ಹೆದರಿ ಅಳತೆ ಕೊಡದೆ ಹೋದಳು.

ಸಣ್ಣಯ್ಯನ ಚೀಲದ ತಪ್ಪು ನನ್ನದು. ನೀನು ಅಷ್ಟು ದಿನ ಸರಿ ಹೇಳಿ ತಪ್ಪು ಅನ್ನಿಸಿಕೊಂಡೆ. ನಿನ್ನ ಜಾಗದಲ್ಲಿ ನಾನಿದ್ದರೆ ಮೌಸಲ್ಲ, ಕಂಪ್ಯೂಟರನ್ನೇ ಎಸೆಯುತ್ತಿದ್ದೆ. ಕ್ಷಮಿಸು. ಹೆದರಿಕೆಗೆ ಬಾರದೆ ಕೂತದ್ದಕ್ಕೂ ಕ್ಷಮಿಸು.

ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಹನ್ನೆರಡಕ್ಕೆ ಬಾಗಿಲಲ್ಲಿ ಇರುತ್ತೇನೆ. ಆಗ ನನ್ನ ಹೆಸರು ಬಾಯಿಗೆ ಬರದಿದ್ದರೆ ಅವಸರ ಮಾಡಬೇಡ. ನಾನು ಯಾರೆಂದು ನಾನೇ ಹೇಳುತ್ತೇನೆ, ಆಮೇಲೆ ಊಟಕ್ಕೆ ಕೂರೋಣ.

ನಿನ್ನ ತಂಗಿ